ಬಾಗಿಲ ಕಡೆಯ ಗೆರೆ

ಮೂರು ಗಂಟೆಯ ಹೊತ್ತಿಗೆ ವರ್ಲಿನ್‌ನ ಪಿಕಪ್ಪು ಚಕ್ರದ ಮೇಲಿನ ಮನೆಯಂಥ ಟ್ರೇಲರನ್ನು ಎಳೆದುಕೊಂಡು ಕೆರೆಯಂಚಿನ ಬಿಡಾರದ ಗೇಟಿನ ತಿರುವಿನಲ್ಲಿ ಕಾಣಿಸಿಕೊಂಡಾಗ ಆರ್ಡಿತ್ ಜೋಳದ ತೆನೆ ಸುಲಿಯುತ್ತಿದ್ದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು. ಎದುರಿನ ಹದಿನೇಳನೇ ಜಾಗ ಇಡೀ ದಿನ ಖಾಲಿ ಬಿದ್ದಿತ್ತು. ಹತ್ತೊಂಬತ್ತು ವರ್ಷ ಆಗಸ್ಟಿನ ಈ ವಾರ ಆ ಜಾಗ ಅವರಿಬ್ಬರದಾಗಿತ್ತು, ಈಗ ಅವನದು. ವಿಚ್ಛೇದನದ ಕಾಗದದಲ್ಲಿ ಮನೆ ಅವಳಿಗೆ, ಟ್ರೇಲರ್ ಅವನಿಗೆ ಎಂದು ಬರೆದಿತ್ತು. ಆಗಸ್ಟಿನ ಈ ವಾರ ಯಾರಿಗೆ ಎಂದು ಯಾರೂ ಬರೆದಿರಲಿಲ್ಲ. ಹೋದ ವರ್ಷ ಅವಳು ಮನೆಯಲ್ಲೇ ಕೂತು ಕಿಟಕಿ ಒರೆಸಿದಳು, ಅವನೂ ಬರಲಿಲ್ಲವಂತೆ. ಈ ಸಲ ಅಕ್ಕ ಲಾವಾನ್‌ಳ ಹಳೇ ಟ್ರೇಲರಿನಲ್ಲಿ ಬಂದು, ಬೇರೆ ಎಷ್ಟೋ ಜಾಗ ಖಾಲಿ ಇದ್ದರೂ, ಹದಿನೇಳರ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದಳು.

"ಬಂದ ಕಣೇ," ಎಂದಳು ಲಾವಾನ್.

"ಬರ್ಲಿ."

"ಪಕ್ಕದಲ್ಲಿ ಅವಳೂ ಕೂತಿದಾಳೆ."

"ಕೂತಿರ್ಲಿ. ಅವಳಿಲ್ದಿದ್ರೆ ಮಟ್ಟದ ಗುಳ್ಳೆ ನೋಡೋರ್ಯಾರು?"

ರಸ್ತೆಯ ಎರಡೂ ಬದಿ ಕುರ್ಚಿಗಳು ಸಣ್ಣಗೆ ಕಿರುಗುಟ್ಟಿದವು. ಶುಕ್ರವಾರ ಮೊದಲು ಬಂದವರು ತಮ್ಮ ಟ್ರೇಲರ್ ನಿಲ್ಲಿಸಿ, ಮಟ್ಟ ಮಾಡಿ, ಬಿಯರ್ ಡಬ್ಬಿ ಹಿಡಿದು, ಕುರ್ಚಿಗಳನ್ನು ಕೆರೆಯ ಕಡೆಗಲ್ಲ, ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂರುತ್ತಾರೆ. ಆಮೇಲೆ ಬರುವವರು ಹೇಗೆ ಹಿಮ್ಮುಖವಾಗಿ ಗಾಡಿ ಹೊಗಿಸುತ್ತಾರೆ, ಎಷ್ಟು ಸಲ ಮುಂದೆ ಹೋಗಿ ಹಿಂದೆ ಬರುತ್ತಾರೆ, ಎಷ್ಟನೇ ಸಲಕ್ಕೆ ಗಂಡ ಹೆಂಡತಿಯ ಮೇಲೆ ಕೂಗುತ್ತಾನೆ, ಇದೇ ಮೊದಲ ದಿನದ ಮನರಂಜನೆ. ಯಾರೂ ಎದ್ದು ಸಹಾಯಕ್ಕೆ ಹೋಗುವುದಿಲ್ಲ. ಕೇಳದೆ ಹೋಗುವುದು ಅವಮಾನ ಮಾಡಿದಂತೆ. ಯಾರೂ ಕೇಳುವುದಿಲ್ಲ, ಕೇಳುವುದು ಅದಕ್ಕಿಂತ ದೊಡ್ಡ ಅವಮಾನ. ಈ ಸಭೆಯಲ್ಲಿ ವರ್ಲಿನ್ ಇಷ್ಟು ವರ್ಷ ರಾಜನ ಹಾಗಿದ್ದ. ಹದಿನೇಳರ ನೆಲ ಒಂದು ಬದಿಗೆ ಕೆಟ್ಟದಾಗಿ ಇಳಿಜಾರಾಗಿದೆ, ಬೇರೆ ಯಾರಿಗೂ ಅದು ಬೇಡ. ಅವನು ಬರುತ್ತಿದ್ದ, ತಗ್ಗಿನ ಬದಿಯ ಚಕ್ರಕ್ಕೆ ಎರಡು ಹಲಗೆ ಇಡಿಸುತ್ತಿದ್ದ, ಒಂದೇ ಸಲ ಹತ್ತಿಸುತ್ತಿದ್ದ, ಇಳಿದು ಕೈ ಕೊಡವುತ್ತಿದ್ದ. "ಮೊದಲ ಸಲಕ್ಕೇ. ಪ್ರತಿ ಸಲ." ಅವನು ಹಾಗೆ ಹೇಳುವಾಗ ಆರ್ಡಿತ್ ಟ್ರೇಲರಿನ ಮುಂದೆ ನಿಂತು ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು. ಅವಳ ಕಡೆ ಯಾರೂ ನೋಡುತ್ತಿರಲಿಲ್ಲ.

ಟ್ರೇಲರಿನ ಹಣೆಯ ಮೇಲೆ, ಬೆರಳುದ್ದದ ಹಳದಿ ನಳಿಗೆ ಹಾಗೇ ಅಂಟಿಕೊಂಡಿತ್ತು. ಒಳಗೆ ಎಣ್ಣೆಯಂಥ ದ್ರವ, ಅದರಲ್ಲೊಂದು ಗುಳ್ಳೆ, ಆಚೆಗೊಂದು ಈಚೆಗೊಂದು ಕಪ್ಪು ಗೆರೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಟ್ರೇಲರ್ ಮಟ್ಟವಾಗಿದೆ ಎಂದರ್ಥ. ಎಲ್ಲರ ಟ್ರೇಲರಿಗೂ ಅದೇ ಅರ್ಥ, ವರ್ಲಿನ್‌ನದನ್ನು ಬಿಟ್ಟು. ವರ್ಲಿನ್‌ನ ನಳಿಗೆ ಸೊಟ್ಟಗಿತ್ತು. ಅದು ಗೊತ್ತಿದ್ದದ್ದು ಈ ಭೂಮಿಯ ಮೇಲೆ ಆರ್ಡಿತ್ ಒಬ್ಬಳಿಗೇ. ಅದನ್ನು ಯಾರಿಗೂ ಹೇಳದೆ ಇಲ್ಲಿ ಕೂತು, ಅವನು ಈ ಕುರ್ಚಿಗಳ ಎದುರಿಗೆ ಸೋಲುವುದನ್ನು ನೋಡಬೇಕು ಎಂಬುದಕ್ಕಾಗಿಯೇ ಅವಳು ಎಂಬತ್ತು ಮೈಲಿ ಬಂದಿದ್ದಳು. ಆ ನಳಿಗೆಯನ್ನು ಅವನು ಅಂಟಿಸಿದ್ದು ಟ್ರೇಲರ್ ಕೊಂಡ ವಾರ, ಮನೆಯ ಅಂಗಳದಲ್ಲಿ. ಅಂಗಳದ ಕಾಂಕ್ರೀಟನ್ನು ತಾನೇ ಸುರಿದಿದ್ದ. ತಾನು ಸುರಿದದ್ದಾದ್ದರಿಂದ ಅದು ಮಟ್ಟವಾಗಿದೆ. ಮಟ್ಟವಾದ ನೆಲದ ಮೇಲೆ ನಿಂತ ಟ್ರೇಲರ್ ಮಟ್ಟವಾಗಿದೆ. ಅದರಂತೆ ಗುಳ್ಳೆ ನಡುವೆ ಬರುವ ಹಾಗೆ ಹಿಡಿದು ಅಂಟಿಸಿದ. ಅಂಗಳ ತೊಳೆದರೆ ನೀರೆಲ್ಲ ಅಡುಗೆಮನೆಯ ಮೆಟ್ಟಿಲ ಕಡೆಗೇ ಓಡಿಬರುತ್ತದೆ ಎಂಬುದು ಪೊರಕೆ ಹಿಡಿದವಳಿಗೆ ಗೊತ್ತಿತ್ತು. ಒಂದು ಸಲ ಹೇಳಿದಳು. ಅವತ್ತು ರಾತ್ರಿ ಊಟಕ್ಕೆ ಬಂದವರ ಮುಂದೆ ಅವನು, "ಕೇಳಿದ್ರಾ, ನಮ್ಮ ಆರ್ಡಿತ್ ಕಾಂಕ್ರೀಟು ಎಂಜಿನಿಯರ್ ಆಗಿದಾಳೆ. ನೀರು ಇವಳಿಗೆ ಚಾಡಿ ಹೇಳುತ್ತಂತೆ," ಎಂದ. ಬಂದವರು ನಕ್ಕರು. ಆಲೂಗಡ್ಡೆಯ ಬೋಗುಣಿ ಹಿಡಿದು ನಿಂತಿದ್ದ ಅವಳೂ ನಕ್ಕಳು. ಈಗ ನೆನೆಸಿಕೊಂಡರೆ ಆ ನಗುವೇ ಹೆಚ್ಚು ಉರಿಯುತ್ತದೆ, ಅವನ ಮಾತಲ್ಲ.

ಅಲ್ಲಿಂದ ಮುಂದೆ ಅವಳು ಹೇಳಲಿಲ್ಲ. ಗುಳ್ಳೆ ನಡುವೆ ಬಂದಾಗ ಬಾಯಿ ಬಿಡದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈ ಆಡಿಸುತ್ತಿದ್ದಳು. ಗುಳ್ಳೆ ಬಾಗಿಲ ಕಡೆಯ ಗೆರೆಯನ್ನು ಮುಟ್ಟಿದ ಕ್ಷಣ "ಮಟ್ಟ!" ಎನ್ನುತ್ತಿದ್ದಳು. ಒಳಗೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ, ಮಟ್ಟವಿದ್ದರಷ್ಟೇ ಓಡುವ ಗ್ಯಾಸಿನ ಫ್ರಿಜ್ಜು ತಣ್ಣಗಿರುತ್ತಿತ್ತು, ಅವನು ನೇರವಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಭಯದಿಂದ ಹಾಗೆ ಮಾಡಿದೆನೋ, ಸೋಮಾರಿತನದಿಂದಲೋ, ಮೊದಮೊದಲು ಪ್ರೀತಿಯೂ ಇತ್ತೋ ಏನೋ, ಅವಳಿಗೆ ಈಗ ಬಿಡಿಸಿ ಹೇಳಲು ಬರುವುದಿಲ್ಲ. ವಕೀಲರ ಕೋಣೆಯಲ್ಲಿ ಅವನು ಹೇಳಿದ ಮಾತನ್ನು ಮಾತ್ರ ಅಕ್ಷರ ಬಿಡದೆ ಹೇಳಬಲ್ಲಳು. "ಮೂವತ್ತೊಂದು ವರ್ಷದಲ್ಲಿ ಇವಳು ಮಾಡಬೇಕಾಗಿದ್ದದ್ದು ಇಷ್ಟೇ ಸಾರ್, ಒಂದು ಗುಳ್ಳೆ ನೋಡೋದು." ಅವನ ವಕೀಲ ನಕ್ಕ. ಅವಳ ವಕೀಲನೂ ತುಟಿ ಒತ್ತಿಕೊಂಡು ಕಾಗದ ತಿರುವಿದ. ಗಂಟೆಗೆ ಇಷ್ಟು ಎಂದು ಅವಳಿಂದಲೇ ತೆಗೆದುಕೊಳ್ಳುತ್ತಿದ್ದವನು.

"ಹಲಗೆ ಇಡು ಚಿನ್ನಾ," ಎಂದು ವರ್ಲಿನ್ ಕಿಟಕಿಯಿಂದ ತಲೆ ಹಾಕಿದ. "ಎರಡು. ಬಾಗಿಲ ಕಡೆ ಚಕ್ರಕ್ಕೆ."

ರೊಶೆಲ್ ಇಳಿದಳು. ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದಾಳೆ, ಹುಚ್ಚಿ, ಎಂದುಕೊಂಡಳು ಆರ್ಡಿತ್. ರೊಶೆಲ್ ಊರಿನ ದಂತವೈದ್ಯರ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದವಳು. ಆರು ವರ್ಷ ಆರ್ಡಿತ್‌ಗೆ ಫೋನು ಮಾಡಿ ಮಂಗಳವಾರ ಹತ್ತಕ್ಕೆ ಅನುಕೂಲವೇ ಎಂದು ಸಕ್ಕರೆಯಂಥ ದನಿಯಲ್ಲಿ ಕೇಳುತ್ತಿದ್ದವಳು. ಆಮೇಲೆ ಆರ್ಡಿತ್ ಡಾಕ್ಟರನ್ನು ಬದಲಾಯಿಸಬೇಕಾಯಿತು. ಗಂಡ ಹೋದದ್ದಲ್ಲದೆ ಹಲ್ಲಿಗೂ ನಲವತ್ತು ಮೈಲಿ ಹೋಗಬೇಕು. ಎಡಗಡೆಯ ದವಡೆ ಈಗಲೂ ನೋಯುತ್ತಿತ್ತು. ಜೋಳ ಅವಳು ತಿನ್ನುವ ಹಾಗಿರಲಿಲ್ಲ, ಬರೀ ಸುಲಿಯುತ್ತಿದ್ದಳು.

ಗಾಡಿ ಹಲಗೆ ಹತ್ತಿತು. ರೊಶೆಲ್ ನಳಿಗೆಯ ಮುಂದೆ ಬಗ್ಗಿ, ಶಾಲೆಯ ಹುಡುಗಿಯಂತೆ ಮನಸ್ಸಿಟ್ಟು ನೋಡಿ, "ಮಟ್ಟ!" ಎಂದಳು. ಅವಳು ತಪ್ಪಿರಲಿಲ್ಲ. ಗುಳ್ಳೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಡುವೆಯೇ ಇತ್ತೆಂಬುದಕ್ಕೆ ಆರ್ಡಿತ್ ಬೈಬಲ್ ಮುಟ್ಟಿ ಸಾಕ್ಷಿ ಹೇಳುತ್ತಿದ್ದಳು. ವರ್ಲಿನ್ ಇಳಿದ, ಕೈ ಕೊಡವಿದ, ಕುರ್ಚಿಗಳ ಕಡೆ ನೋಡಿ "ಮೊದಲ ಸಲಕ್ಕೇ," ಎಂದ, ಬಾಗಿಲ ಚಿಲಕ ತೆಗೆದ. ಬಾಗಿಲು ಅವನ ಕೈಯಿಂದ ಕಿತ್ತುಕೊಂಡು ಹೋಗಿ ಹೊರಗೋಡೆಗೆ ಧಡಾರೆಂದು ಬಡಿಯಿತು.

"ಗಾಳಿ," ಎಂದ ಮುದುಕ ಹಾರ್ಲನ್ ತನ್ನ ಕುರ್ಚಿಯಿಂದ. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ.

ವರ್ಲಿನ್ ಬಾಗಿಲನ್ನು ಮುಚ್ಚಿದ. ಅದು ಮತ್ತೆ ಬಂದು ಬಡಿಯಿತು. ಒಳಗೆ ಏನೋ ಉರುಳಿ ಒಡೆದ ಸದ್ದು. "ಕಟ್ಟೆ ಮೇಲೆ ಮೊಟ್ಟೆ ಯಾರಿಟ್ಟದ್ದು?" ಅವನು ಹೊರಗೆ ಬಂದು ನಳಿಗೆ ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ, ತೃಪ್ತನಾದ. "ಗುಳ್ಳೆ ನಡೂಮಧ್ಯ ಇದೆ. ಟ್ರೇಲರ್ ಮಟ್ಟವಾಗೇ ಇದೆ. ನಿನ್ನ ಪೆಟ್ಟಿಗೆಗಳೆಲ್ಲ ಒಂದೇ ಕಡೆ ಒಟ್ಟಿದೀಯ, ಅದಕ್ಕೇ ವಾಲ್ತಾ ಇದೆ. ಆಚೆ ಬದಿಗೆ ಹೊರು."

ರೊಶೆಲ್ ಹೊತ್ತಳು. ಎರಡು ಸೂಟ್‌ಕೇಸು, ಬೂಟುಗಳ ಚೀಲ, ನೀರಿನ ಡಬ್ಬಿಗಳು. ತೆರೆದ ಬಾಗಿಲಲ್ಲಿ ಅವಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾದುಹೋಗುವುದು ಎಲ್ಲ ಕುರ್ಚಿಗಳಿಗೂ ಕಾಣಿಸುತ್ತಿತ್ತು. ಆರ್ಡಿತ್‌ಳ ಹೊಟ್ಟೆಯೊಳಗೆ ಬೆಚ್ಚಗಿನದೊಂದು ಹರಡಿಕೊಂಡಿತು, ಚಳಿಗಾಲದಲ್ಲಿ ಸ್ನಾನದ ತೊಟ್ಟಿಗೆ ಇಳಿದಾಗ ಹರಡಿಕೊಳ್ಳುವ ಹಾಗೆ. ಚರ್ಚಿನಲ್ಲಿ ಮೂವತ್ತೊಂದು ವರ್ಷ ಕ್ಷಮೆಯ ಬಗ್ಗೆ ಕೇಳಿಸಿಕೊಂಡಿದ್ದಳು, ಇಷ್ಟು ಬೆಚ್ಚಗೆ ಒಂದು ಸಲವೂ ಆಗಿರಲಿಲ್ಲ. ಇನ್ನೊಂದು ಸಲ ಬಡಿಯಲಿ, ಎಂದುಕೊಂಡಳು. ಬಡಿಯಿತು. ಯಾರೋ ನಕ್ಕು ಕೆಮ್ಮಿನಲ್ಲಿ ಅಡಗಿಸಿದರು. ವರ್ಲಿನ್‌ನ ಕತ್ತು ಕೆಂಪಾಗುವುದು ಇಲ್ಲಿಂದ ಕಾಣಿಸುತ್ತಿತ್ತು. ಆ ಕೆಂಪು ಕಿವಿಯ ಹಿಂದಿನಿಂದ ಶುರುವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಅದು ಶುರುವಾದಾಗಲೆಲ್ಲ ಅಡುಗೆಮನೆಯಲ್ಲಿ ಅವಳ ಕೈ ತಣ್ಣಗಾಗುತ್ತಿತ್ತು. ಇವತ್ತು ತಣ್ಣಗಾಗಲಿಲ್ಲ.

"ಹಲಗೆ ಜಾರಿದೆ," ಎಂದು ತೀರ್ಪು ಕೊಟ್ಟ ವರ್ಲಿನ್. "ನಿನಗೆ ನೆಟ್ಟಗೆ ಇಡೋಕೂ ಬರಲ್ಲ. ತೆಗಿ. ಮೊದಲಿಂದ ಮಾಡೋಣ."

ಮೊದಲಿಂದ ಮಾಡಿದರು. "ಮಟ್ಟ!" ಬಾಗಿಲು ಬಡಿಯಿತು. ಬಿಳಿ ಪ್ಯಾಂಟಿನ ಮೊಣಕಾಲಿನಲ್ಲಿ ಎರಡು ಕಂದು ವೃತ್ತಗಳು ಮೂಡಿದ್ದವು.

"ಬಡಪಾಯಿ," ಎಂದಳು ಲಾವಾನ್.

"ಯಾರು?"

"ಬಾಗಿಲು ಕಣೇ, ಇನ್ಯಾರು. ಎಷ್ಟು ಸಲ ಹೊಡ್ಸ್ಕೊಳ್ಳುತ್ತೆ." ಲಾವಾನ್ ಬಿಯರ್ ಗುಟುಕರಿಸಿ ತಂಗಿಯ ಮುಖವನ್ನೇ ನೋಡಿದಳು. "ನೀನು ಎಷ್ಟೋ ದಿನದ ಮೇಲೆ ಇವತ್ತು ಲಕ್ಷಣವಾಗಿ ಕಾಣ್ತಿದೀಯ. ಹೆದರಿಕೆ ಆಗ್ತಿದೆ ನನಗೆ."

ರೊಶೆಲ್ ರಸ್ತೆ ದಾಟಿ ಅವರ ಕಡೆಗೇ ಬಂದಳು. ಕುರ್ಚಿಗಳೆಲ್ಲ ಅವಳ ಜೊತೆಗೇ ತಿರುಗಿದವು. ಅವಳು ಲಾವಾನ್‌ಳನ್ನು ನೋಡಿಕೊಂಡು, "ಒಂದು ಹಲಗೆ ಹೆಚ್ಚಿಗೆ ಇದ್ರೆ ಕೊಡ್ತೀರಾ? ಅವರು ಕೇಳಬೇಡ ಅಂದ್ರು, ನಾನೇ ಬಂದೆ," ಎಂದಳು. ಲಾವಾನ್ ಎದ್ದು ಟ್ರೇಲರಿನ ಹಿಂದಕ್ಕೆ ಹೋದಳು. ಇಬ್ಬರೇ ಉಳಿದರು. ರೊಶೆಲ್‌ಳ ಉಗುರು ಮುರಿದಿತ್ತು, ಬೆವರಿಗೆ ಕಣ್ಣ ಕಪ್ಪು ಕೆಳಗಿಳಿದಿತ್ತು.

"ಆರ್ಡಿತ್, ಒಂದು ಕೇಳ್ಲಾ? ನೀವು ಇದನ್ನ ವರ್ಷಾನುಗಟ್ಲೆ ಮಾಡಿದೀರಿ. ನಾನೇನು ಕುರುಡಿನಾ? ಗುಳ್ಳೆ ನಡುವೆನೇ ಕಾಣುತ್ತೆ ನನಗೆ."

ಹೇಳುವುದಾದರೆ ಒಂದೇ ವಾಕ್ಯ ಸಾಕಿತ್ತು. ಬಾಗಿಲ ಕಡೆಯ ಗೆರೆ ಮುಟ್ಟಿಸು. ಅದು ಬಾಯಿಗೆ ಬಂದೂ ಬಂದಿತ್ತು. ಆರ್ಡಿತ್ ಒಂದು ತೆನೆಯ ರೇಷ್ಮೆಯಂಥ ಎಳೆಗಳನ್ನು ನಿಧಾನವಾಗಿ ಕಿತ್ತು ಬುಟ್ಟಿಗೆ ಹಾಕಿದಳು. "ನೀನು ಹತ್ತಿರ ನಿಂತು ನೋಡ್ಬೇಕು," ಎಂದಳು. "ಕಣ್ಣು ನೇರಕ್ಕೆ ಇಟ್ಕೋಬೇಕು. ವರ್ಲಿನ್ ಹೇಳೋದು ಸರಿ. ಅದೇನು ಕಷ್ಟದ ಕೆಲಸ ಅಲ್ಲ."

"ಓ," ಎಂದಳು ರೊಶೆಲ್. ಹಲಗೆ ತೆಗೆದುಕೊಂಡು ಹೋದಳು.

ನಾಲಿಗೆಯ ಮೇಲೆ ಆ ಮಾತಿನ ರುಚಿ ಹಾಗೇ ಉಳಿಯಿತು. ವರ್ಲಿನ್ ಹೇಳೋದು ಸರಿ. ಈ ಮೂರು ಪದಗಳನ್ನು ತಾನು ತನ್ನ ಇಚ್ಛೆಯಿಂದ ಮತ್ತೆ ಆಡಿದೆನಲ್ಲ ಎಂದುಕೊಂಡಳು. ಬೈಸಿಕೊಳ್ಳುತ್ತಿರುವುದು ಅವಳು, ನಾನು ಬಂದದ್ದು ಅವನ ಸೋಲು ನೋಡುವುದಕ್ಕೆ. ಆದರೆ ಅವಳೇನು ಹಸುಳೆಯೇ? ಮಂಗಳವಾರ ಹತ್ತಕ್ಕೆ ಅನುಕೂಲವೇ ಎಂದು ಕೇಳುವಾಗ ಆ ಮಂಗಳವಾರಗಳ ಸಂಜೆ ಅವನು ಎಲ್ಲಿರುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು. ಹೊರಲಿ. ಆರ್ಡಿತ್ ಇನ್ನೊಂದು ತೆನೆ ತೆಗೆದುಕೊಂಡಳು.

ಮೂರನೆಯ ಸಲ ಹಲಗೆ ಮೂರಾಯಿತು. ಗಾಡಿ ಇಂಚಿಂಚಾಗಿ ಹತ್ತಿತು. ರೊಶೆಲ್ ಮೊದಲಿನ ಹಾಗೆ ಬಗ್ಗಲಿಲ್ಲ. ನಳಿಗೆಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ನಿಂತು, ಟ್ರೇಲರಿನ ಚಾವಣಿಯ ಅಂಚನ್ನು ನೋಡಿದಳು. ಆಮೇಲೆ ಅದರಾಚೆ, ಕೆರೆಯ ಆ ದಡದಲ್ಲಿ ನೀರು ಎಳೆದ ಗೆರೆಯನ್ನು ನೋಡಿದಳು. ಮತ್ತೆ ಚಾವಣಿ. ಮತ್ತೆ ನೀರು. ಆರ್ಡಿತ್‌ಳ ಕೈ ನಿಂತಿತು. ಗುಳ್ಳೆ ನಡುವೆ ಬಂದಿರಬೇಕು; ರೊಶೆಲ್ ಬಾಯಿ ತೆರೆಯಲಿಲ್ಲ. ಇನ್ನೂ ಸ್ವಲ್ಪ ಎಂದು ಕೈ ಆಡಿಸಿದಳು. ಇನ್ನೂ ಸ್ವಲ್ಪ. ಆ ಕೈ ಆಡುವ ರೀತಿ ಆರ್ಡಿತ್‌ಳದೇ, ಮಣಿಕಟ್ಟು ಮಾತ್ರ, ಮೊಣಕೈ ಮೈಗೆ ಒತ್ತಿಕೊಂಡು. "ಮಟ್ಟ!" ಎಂದಳು. ವರ್ಲಿನ್ ಇಳಿದು ಬಾಗಿಲು ತೆರೆದ. ಬಾಗಿಲು ಅವನು ಬಿಟ್ಟಲ್ಲೇ ನಿಂತಿತು.

"ನೋಡಿದ್ಯಾ?" ಎಂದ ಅವನು, ಎಲ್ಲರಿಗೂ ಕೇಳಿಸುವ ಹಾಗೆ. "ಗಮನ ಕೊಟ್ಟು ನೋಡಿದ್ರೆ ಎಷ್ಟು ಸುಲಭ!" ಈ ಸಲ ಅವನು ನಳಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ರೊಶೆಲ್ ಅಂಗೈಯ ಮಣ್ಣನ್ನು ಬಿಳಿ ಪ್ಯಾಂಟಿಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಸಣ್ಣದೊಂದು ಗೆಲುವು, ಬೇರೆ ಯಾರಿಗೂ ಕಾಣಿಸದ್ದು, ಆರ್ಡಿತ್‌ಗೆ ಮಾತ್ರ ಕಾಣಿಸಿತು.

ಅಂದರೆ ಅವಳಿಗೆ ತಿಳಿದುಹೋಯಿತು. ಮೂರೇ ಸಲಕ್ಕೆ. ಇನ್ನು ಮುಂದಿನ ಆಗಸ್ಟಿಗೆ ಮೊದಲ ಸಲಕ್ಕೇ ಆಗುತ್ತದೆ, ಅದರ ಮುಂದಿನದಕ್ಕೂ. ಅವನು ಕೈ ಕೊಡವಿ ನಿಲ್ಲುತ್ತಾನೆ, ಕುರ್ಚಿಗಳು ಇವತ್ತಿನದನ್ನು ಮರೆಯುತ್ತವೆ, ಅವನು ಸಾಯುವ ತನಕ ನೇರವಾಗಿ ಮಲಗುತ್ತಾನೆ. ತಾನು ಎಂಬತ್ತು ಮೈಲಿ ಬಂದು ಕೂತದ್ದು ಒಂದು ಬಾಗಿಲು ಕೆಲವು ಸಲ ಬಡಿಯುವುದನ್ನು ಕೇಳುವುದಕ್ಕೆ! ತಪ್ಪು ನಿನ್ನದೇ ಎಂದು ಈ ಮನುಷ್ಯನಿಗೆ ಯಾರೂ ಹೇಳುವುದೇ ಇಲ್ಲವೇ ಹಾಗಾದರೆ? ಅವಳು ಎದ್ದಳು. ಮಡಿಲಿನಿಂದ ತೆನೆಗಳು ಉರುಳಿದವು.

"ಎಲ್ಲಿಗೆ?" ಎಂದಳು ಲಾವಾನ್.

"ಭಾವನ ರಸಮಟ್ಟ ಎಲ್ಲಿದೆ?"

ಲಾವಾನ್‌ಳ ಸತ್ತ ಗಂಡ ಬಡಗಿಯಾಗಿದ್ದ. ಮಟ್ಟ ನೋಡುವ ಅವನ ಮೂರು ಅಡಿಯ ರಸಮಟ್ಟ ಹಾಸಿಗೆಯ ಕೆಳಗಿತ್ತು. ಅದನ್ನು ಕತ್ತಿಯಂತೆ ಹಿಡಿದುಕೊಂಡು ಆರ್ಡಿತ್ ರಸ್ತೆ ದಾಟಿದಳು. ಯಾರೂ ಕೇಳದೆ ಯಾರೂ ದಾಟದ ರಸ್ತೆ. ರಸಮಟ್ಟವನ್ನು ಟ್ರೇಲರಿನ ಹೊಸ್ತಿಲೊಳಗೆ ನೆಲದ ಮೇಲೆ ಅಡ್ಡಕ್ಕಿಟ್ಟಳು.

"ವರ್ಲಿನ್, ಇದನ್ನ ನೋಡು. ಗುಳ್ಳೆ ಎಲ್ಲಿದೆ?"

"ಏನಿದು ಆರ್ಡಿತ್? ನಡುವೆ ಇದೆ. ಮಟ್ಟವಾಗಿದೆ ಅಂತ ನಾನೇ ಹೇಳಿದ್ನಲ್ಲ."

"ಈಗ ನಿನ್ನ ನಳಿಗೆ ನೋಡು ಬಾ."

ಅವನು ನೋಡಿದ. ಹಾರ್ಲನ್ ಕುರ್ಚಿ ಬಿಟ್ಟೆದ್ದು ಬಂದು ನೋಡಿದ. ಗುಳ್ಳೆ ಬಾಗಿಲ ಕಡೆಯ ಗೆರೆಗೆ ಅಂಟಿಕೊಂಡು ನಿಂತಿತ್ತು.

"ಇದನ್ನ ನೀನು ಸೊಟ್ಟಗೆ ಅಂಟಿಸಿದೀಯ," ಎಂದಳು ಆರ್ಡಿತ್. ದನಿ ಅವಳು ಬಯಸಿದ್ದಕ್ಕಿಂತ ಎತ್ತರಕ್ಕೆ ಹೋಯಿತು. "ನೀನು ಹಾಕಿದ ಅಂಗಳ ಸೊಟ್ಟ, ಅದರ ಮೇಲೆ ನಿಲ್ಸಿ ಅಂಟಿಸಿದ್ದೂ ಸೊಟ್ಟ. ಹತ್ತೊಂಬತ್ತು ವರ್ಷ ನಾನು ಮಟ್ಟ ಅಂದಾಗಲೆಲ್ಲ ನಿನ್ನ ಗುಳ್ಳೆ ಮಟ್ಟ ಇರಲಿಲ್ಲ. ಒಂದು ಸಲನೂ ಇರಲಿಲ್ಲ. ನಾನು ನೋಡ್ತಿದ್ದದ್ದು ಇದನ್ನಲ್ಲ, ನಿನ್ನ ತಪ್ಪನ್ನ."

ಅವಳು ಕಾದಳು. ಕಿವಿಯ ಹಿಂದಿನಿಂದ ಕೆಂಪು ಏರಲಿ ಎಂದು ಕಾದಳು. ಏರಿತು, ಅರ್ಧಕ್ಕೆ ನಿಂತಿತು. ವರ್ಲಿನ್ ಕುರ್ಚಿಗಳ ಕಡೆ ತಿರುಗಿ ಎರಡೂ ಕೈ ಚೆಲ್ಲಿದ.

"ಕೇಳಿದ್ರೇನ್ರಪ್ಪಾ? ಹತ್ತೊಂಬತ್ತು ವರ್ಷ ಇವಳು ನನಗೆ ಸುಳ್ಳು ಹೇಳಿದಾಳೆ! ನಾನು ಅದರ ಮೇಲೆ ಮಗು ಥರ ನಿದ್ದೆ ಹೊಡ್ದಿದೀನಿ!"

"ಅದಕ್ಕೇ ನೋಡು ಮದುವೆ ವಾಲಿದ್ದು," ಎಂದ ಹಾರ್ಲನ್.

ನಗು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹತ್ತಿಕೊಂಡಿತು. ವರ್ಲಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಪಿಕಪ್ಪಿನಿಂದ ಚಪ್ಪಟೆ ಉಳಿ ತಂದು ನಳಿಗೆಯನ್ನು ಕಿತ್ತ, ಹಳೇ ಅಂಟು ಕೆರೆದ, ಹೊಸದು ಹಚ್ಚಿದ, ಗುಳ್ಳೆ ನಡುವೆ ಬರುವ ಹಾಗೆ ಹಿಡಿದು ಒತ್ತಿದ. ಐದು ನಿಮಿಷ. "ಥ್ಯಾಂಕ್ಸ್ ಆರ್ಡಿತ್," ಎಂದ, ನಿಜವಾಗಿಯೇ ಎಂಬಂತೆ. "ಮೊದಲೇ ಹೇಳ್ಬಹುದಿತ್ತು." ಅವನ ದೊಡ್ಡ ಹೆಬ್ಬೆರಳು ನಳಿಗೆಯ ಮೇಲೆ ಇನ್ನೂ ಒತ್ತಿಕೊಂಡೇ ಇತ್ತು. ಅವಳು ರಸಮಟ್ಟ ಎತ್ತಿಕೊಂಡು ವಾಪಸು ಬಂದಳು. ಕುರ್ಚಿಯಲ್ಲಿ ಕೂತ ಮೇಲೆ ತಾನು ಮಾಡಿದ್ದೇನೆಂದು ಹೊಳೆಯಿತು: ಅವನ ಟ್ರೇಲರನ್ನು ರಿಪೇರಿ ಮಾಡಿಕೊಟ್ಟಿದ್ದಳು.

ಬಿಸಿಲು ಇಳಿಯುವ ಮೊದಲೇ ರೊಶೆಲ್ ಹಲಗೆ ಹಿಂದಿರುಗಿಸಲು ಬಂದಳು. ಅದನ್ನು ಹುಲ್ಲಿನ ಮೇಲೆ ಇಟ್ಟಳು, ಹೋಗಲಿಲ್ಲ.

"ನಾನು ಕೇಳಿದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಆದ್ರೂ ವರ್ಲಿನ್ ಹೇಳೋದು ಸರಿ ಅಂದ್ರಿ."

"ಅಂದೆ."

"ಅದು ಸರಿ ಬಿಡಿ, ನಿಮ್ಮ ಜಾಗದಲ್ಲಿದ್ರೆ ನಾನೂ ಅನ್ನುತ್ತಿದ್ದೆ." ರೊಶೆಲ್ ದನಿ ತಗ್ಗಿಸಿದಳು. ಅದರಲ್ಲಿ ಸಕ್ಕರೆ ಇರಲಿಲ್ಲ. "ಆಮೇಲೆ ಎದ್ದು ಬಂದಿರಲ್ಲ, ಅದು ಯಾಕೆ? ನನಗೆ ಗೊತ್ತಾಗಿಹೋಗಿತ್ತು. ಅವರಿಗೆ ಗೊತ್ತಿಲ್ಲದ್ದು ಒಂದು ನನ್ನ ಹತ್ತಿರ ಇತ್ತು. ಒಂದು ವರ್ಷದಲ್ಲಿ ಮೊದಲನೇದು. ಅರ್ಧ ಗಂಟೆ ಕೂಡ ಇಟ್ಕೊಳ್ಳೋಕೆ ಬಿಡಲಿಲ್ಲ ನೀವು."

ಆರ್ಡಿತ್ ರಸ್ತೆಯಾಚೆ ನೋಡಿದಳು. ಎದುರಿಗೆ ವರ್ಲಿನ್ ಆಗಲೇ ಹೊಸದಾಗಿ ಬಂದವರಿಗೆ ಕತೆ ಹೇಳುತ್ತಿದ್ದ. ಹತ್ತೊಂಬತ್ತು ವರ್ಷ ಅವನ ಬಾಯಲ್ಲಿ ಈಗ ಇಪ್ಪತ್ತೈದಾಗಿತ್ತು.

"ಇನ್ನೇನಾದ್ರೂ ಇದೆಯಾ?" ಎಂದಳು ರೊಶೆಲ್. "ಅವರಿಗೆ ಗೊತ್ತಿಲ್ಲದ್ದು?"

ಒಟ್ಟಿಗೇ ನಾಲ್ಕೈದು ನೆನಪಾದವು. ಈಸ್ಟರಿನ ಹಾಡಿಗೆ ವರ್ಲಿನ್ ತುಟಿ ಮಾತ್ರ ಆಡಿಸಿದರೆ ಸಾಕೆಂದು ಪಾದ್ರಿಯ ಹೆಂಡತಿ ಅವಳ ಹತ್ತಿರ ಬಂದು ಬೇಡಿಕೊಂಡದ್ದು. ತಾನೇ ಹೊಡೆದೆನೆಂದು ವರ್ಲಿನ್ ತಲೆಯನ್ನು ಗೋಡೆಗೆ ತೂಗುಹಾಕಿಕೊಂಡ ಜಿಂಕೆಗೆ ತಗುಲಿದ ಗುಂಡು ನಿಜವಾಗಿ ಭಾವನದು ಎಂಬುದು. ಆಮೇಲೆ, ಎಲ್ಲಕ್ಕಿಂತ ಕೆಳಗೆ, ಅವನ ತಾಯಿ ಸಾಯುವ ಮಧ್ಯಾಹ್ನ. ಹಾಸಿಗೆಯ ಪಕ್ಕ ಇದ್ದವಳು ಆರ್ಡಿತ್ ಒಬ್ಬಳೇ. ಮುದುಕಿ ಕೊನೆಯ ಗಂಟೆಯಲ್ಲಿ ಹೆಸರು ಹಿಡಿದು ಕರೆದದ್ದು ಕಿರಿಯ ಮಗನನ್ನು. ವರ್ಲಿನ್ ಬರುತ್ತಿದ್ದಾನೆ ಎಂದಾಗ ಬೇಡ ಎಂದು ತಲೆಯಾಡಿಸಿದಳು. ನಿನ್ನನ್ನೇ ಕೇಳುತ್ತಿದ್ದರು ಎಂದು ಆರ್ಡಿತ್ ಅವನಿಗೆ ಹೇಳಿದ್ದಳು. ಅವನು ಅದರ ಮೇಲೂ ನಿದ್ದೆ ಹೊಡೆದಿದ್ದಾನೆ.

"ಇಲ್ಲ," ಎಂದಳು ಆರ್ಡಿತ್. "ಅದೊಂದೇ."

ರೊಶೆಲ್ ಅವಳನ್ನು ಒಂದು ಗಳಿಗೆ ನೋಡಿದಳು. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇವೆ ಎನ್ನುವವರನ್ನು ವರ್ಷಗಟ್ಟಲೆ ನೋಡಿದ ಕಣ್ಣು ಅದು. ಆಮೇಲೆ ರಸ್ತೆ ದಾಟಿ ಹೋದಳು.

ಲಾವಾನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿರಬೇಕು. "ಬೇಜಾರಾಗಿದ್ರೆ ಹೇಳು, ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬಿಟ್ಟು ಬರ್ತೀನಿ," ಎಂದಳು.

"ಯಾಕೆ?" ಎಂದಳು ಆರ್ಡಿತ್. ಬಗ್ಗಿ ಹುಲ್ಲಿನಲ್ಲಿ ಬಿದ್ದ ತೆನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು. "ಇನ್ನೂ ಆರು ದಿನ ಇದೆ."